ಚೊಂಬು ಅಳೆಯೋ ಅಕ್ಷತ

ಮಳೆಗಾಲ ಏರುಪೇರಾಗಿ ನೀರು, ಕರೆಂಟು, ಬೆಳೆ ಮೂರೂ ಒಂದನ್ನೊಂದು ಹೇಗೆ ಎಳೆದಾಡ್ತವೆ ಅಂತ ಸಂಶೋಧನೆ ಮಾಡೋಕೆ ನಮ್ಮೂರು ಕುಂದಾಣಕ್ಕೆ ಬರೋ ಅಕ್ಷತ, ಬಾಯಿ ಬಿಡೋಕೆ ಮುಂಚೆ ಅಳತೆ ಟೇಪು ಬಿಚ್ಚೋಳು. ಕೊಟ್ಟ ಚೊಂಬು ನೀರಿಗೂ "ಎಷ್ಟು ಲೀಟರ್ ಅಜ್ಜಿ?" ಅಂತಾಳೆ, ಮುದ್ದೆ ಮುರಿಯೋ ಮೊದಲು ಸಾರಿನ ಸೊಪ್ಪು ಬೆಳೆಯೋಕೆ ಬೋರಿನ ಮೋಟ್ರು ಎಷ್ಟು ಗಂಟೆ ಓಡ್ತು ಅಂತಾಳೆ. "ಆರೋಗ್ತದೆ, ನುಂಗವ್ವ" ಅಂದ್ರೆ ಅದನ್ನೂ ಬರ್ಕೊಂತಾಳೆ. ನಮ್ಮೂರ ಹಳೇ ಮೆಟ್ಟಿಲುಬಾವೀಲಿ ಯಾವ ವರ್ಷ ನೀರು ಎಷ್ಟು ಇಳೀತು ಅನ್ನೋದು ಅವಳಿಗೆ ಯಾವ ಆಫೀಸಲ್ಲೂ ಸಿಗಲಿಲ್ಲವಂತೆ. ವರ್ಷಾವರ್ಷ ಗಂಗೆಪೂಜೆಗೆ ನೀರು ಮುಟ್ಟಿದ ಮೆಟ್ಟಿಲಿಗೆ ಕುಂಕುಮ ಇಟ್ಟೋಳು ನಾನು. ಮದುವೆಯಾದ ವರ್ಷ ಮೇಲಿಂದ ಮೂರನೇದು, ಯಜಮಾನ್ರು ತೀರ್ಕೊಂಡ ವರ್ಷ ಕಟ್ಟಕಡೇದು ಅಂತ ಒಂದೊಂದೂ ತೋರಿಸಿದೆ. ಅಳೆದು ಮುಗಿಸಿ, ಒಣಗಿದ ತಳದಲ್ಲಿ ನಿಂತು, "ಈ ವರ್ಷ ಕುಂಕುಮ ಎಲ್ಲಿಗಿಡ್ತೀರ ಅಜ್ಜಿ?" ಅಂದಳು. ನಾನು ಸೆರಗಿಂದ ಆ ಕಟ್ಟಕಡೇ ಮೆಟ್ಟಿಲ ಧೂಳು ಒರೆಸಿದೆ. ಅದೊಂದನ್ನ ಮಾತ್ರ ಅವಳು ಬರ್ಕೊಳ್ಳಲಿಲ್ಲ.