ಮಗ್ಗ ನಿಲ್ಲಿಸಿದ ಸಂಜೆ

ನಮ್ಮ ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ಸುಮ್ಮನಾಗುವುದು ಕರೆಂಟು ಹೋದಾಗ ಮಾತ್ರ. ಆಗ ಜನ ಬೈಯುತ್ತ ಹೊರಗೆ ಬರುತ್ತಾರೆ. ಆ ಸಂಜೆ ಯಾರೂ ಬೈಯಲಿಲ್ಲ. ದೊಡ್ಡಬಳ್ಳಾಪುರದ ನೇಕಾರರ ಬೀದಿ ನಮ್ಮದು. ಅಲ್ಲಿನ ಅಂಗನವಾಡಿಯ ಛಾವಣಿ ಸೋರುತ್ತಿತ್ತು, ಅದನ್ನು ಬದಲಿಸಲು ದುಡ್ಡು ಕೂಡಿಸಬೇಕಿತ್ತು. ಅದಕ್ಕೆಂದೇ ಜಾನಪದ ಹಾಡು, ಕೋಲಾಟ, ತಮಟೆ ಕುಣಿತದ ಕಾರ್ಯಕ್ರಮ. ಹಾಡು ಕೇಳಿಸಲಿ ಎಂದು ಎಲ್ಲರೂ ತಾವಾಗಿಯೇ ಮಗ್ಗ ನಿಲ್ಲಿಸಿದ್ದರು.

ಮೊದಲ ಹಾಡು, ಒಂದು ಸೋಬಾನೆ ಪದ, ನನ್ನ ಸೋದರತ್ತೆಯದು. ಬೀದಿಯಲ್ಲಿ ಯಾರ ಮದುವೆಯಾದರೂ ಸೋಬಾನೆಯ ಸಾಲನ್ನು ಅವಳು ಎತ್ತಿಕೊಡಬೇಕು, ಉಳಿದ ಹೆಂಗಸರು ಅದನ್ನೇ ಹಿಂದಿನಿಂದ ಹಾಡಬೇಕು. ಥೈರಾಯ್ಡ್ ಆಪರೇಷನ್ ಆದ ಮೇಲೆ ಅವಳ ದನಿ ಕೂತುಹೋಗಿತ್ತು. ಡಾಕ್ಟರು, ಬಂದರೂ ಬರಬಹುದು ಎಂದಷ್ಟೇ ಹೇಳಿದ್ದರು. ಓಡುತ್ತಿರುವ ಮಗ್ಗದ ಮುಂದೆ ನಿಂತು ಅವಳು ತುಟಿ ಆಡಿಸುವುದನ್ನು ನೋಡಿದ್ದೆ. ಆ ಸದ್ದಿನಲ್ಲಿ ದನಿ ಇದೆಯೋ ಇಲ್ಲವೋ ಅವಳಿಗೂ ಗೊತ್ತಾಗುತ್ತಿರಲಿಲ್ಲವೇನೋ.

ವೇದಿಕೆ ಹತ್ತುವ ಮುಂಚೆ ನನ್ನ ತೋಳು ಹಿಡಿದಳು. "ಇವತ್ತು ಬರ್ಲಿಲ್ಲ ಅಂದ್ರೆ ಇನ್ಮೇಲೆ ಬಾಯೇ ತೆಗೆಯಲ್ಲ ಕಣೋ. ಯಾರ್ ಮದ್ವೆಗೂ ಕರೀಬೇಡಿ."

"ಯಾಕತ್ತೆ ಹಂಗಂತೀಯ? ಆಗ್ದಿದ್ರೆ ಇಳಿದು ಬಾ, ಅಷ್ಟೇ."

"ಬೇಕಾದ ಕಡೆ ಇಳಿಯೋಕೆ ನಾನೇನು ಬಸ್ ಹತ್ತಿದೀನಾ?"

ಮೈಕಿನ ಮುಂದೆ ನಿಂತಳು. ಹಿಂದೆ ಹೆಂಗಸರು, ಪಕ್ಕದಲ್ಲಿ ಕೋಲು ಹಿಡಿದ ಹುಡುಗಿಯರು. ಉಸಿರೆಳೆದುಕೊಂಡಳು. ಬಾಯಿ ತೆರೆಯಿತು, ಬರೀ ಗಾಳಿ ಬಂತು. ಮೈಕು ಅದನ್ನೂ ಬಿಡದೆ ಇಡೀ ಬೀದಿಗೆ ಕೇಳಿಸಿತು. ಮತ್ತೊಮ್ಮೆ ಯತ್ನಿಸಿದಳು. ಅದೇ ಗಾಳಿ.

"ಯಾರಾದ್ರೂ ಒಂದ್ ಮಗ್ಗ ಆನ್ ಮಾಡ್ರಪ್ಪಾ," ಎಂದಳು ಪಿಸುದನಿಯಲ್ಲಿ.

"ಮಾಡಿದ್ರೆ ಪದಾನೂ ಬರುತ್ತೆ, ಸೀರೇನೂ ಬರುತ್ತೆ!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ತಮಾಷೆ ಮಾಡುತ್ತಿಲ್ಲ ಎಂದು ತಿಳಿದ ಮೇಲೆ ನಗು ನಿಂತಿತು.

ಆಮೇಲಿನದರ ಬಗ್ಗೆ ನನಗೆ ನನ್ನ ಮೇಲೇ ನಂಬಿಕೆಯಿಲ್ಲ. ಹಿಂದಿನ ಮನೆಯಲ್ಲಿ ಒಂದು ಮಗ್ಗ ಕಟಕಟ ಎಂದು ಶುರುವಾಯಿತು ಎಂದೇ ನನ್ನ ನೆನಪು. ಕೋಲಾಟದ ಹುಡುಗಿಯರ ಜೊತೆಗಿದ್ದ ನನ್ನ ತಂಗಿ ಒಪ್ಪುವುದಿಲ್ಲ. "ಯಾವ ಮಗ್ಗಾನೂ ಇಲ್ಲ, ಮಣ್ಣೂ ಇಲ್ಲ. ಕಾಯೋಕಾಗ್ದೆ ನಾವೇ ಕೋಲು ತಟ್ಟಿದ್ದು," ಎನ್ನುತ್ತಾಳೆ. ಫೋನಿನಲ್ಲಿ ವಿಡಿಯೊ ಮಾಡಿದವರೆಲ್ಲ ಹಾಡು ಶುರುವಾಗಲಿ ಎಂದು ಕಾದಿದ್ದವರು, ಹಾಗಾಗಿ ಆ ಗಳಿಗೆ ಯಾರಲ್ಲೂ ಇಲ್ಲ. ಅತ್ತೆಯನ್ನು ಕೇಳಿದರೆ, ತನಗೆ ಏನೂ ಕೇಳಿಸಲಿಲ್ಲ ಎನ್ನುತ್ತಾಳೆ. ನನಗೆ ಬೇಕಾದ ಸದ್ದನ್ನೇ ನಾನು ಕೇಳಿಸಿಕೊಂಡಿರಲೂಬಹುದು.

ದನಿ ಬಂತು, ಅದು ಮಾತ್ರ ವಿಡಿಯೊದಲ್ಲಿದೆ. ಆದರೆ ಹಳೆಯ ದನಿಯಲ್ಲ. ದಪ್ಪನೆಯದು, ಕೆಳಗಿನದು, ಒಂದು ಕಡೆ ಗೊರಗೊರ ಎನ್ನುವಂಥದು. ಮೊದಲ ಸಾಲು ಮುಗಿಯಿತು. ಹಿಂದಿನ ಹೆಂಗಸರು ಅಭ್ಯಾಸದಂತೆ ಅವಳ ಹಳೆಯ ಎತ್ತರಕ್ಕೇ ಹಾರಿದರು. ಎರಡು ದನಿಗಳು ಬೇರೆ ಬೇರೆಯಾಗಿ ಕಿವಿಗೆ ಚುಚ್ಚಿದವು. ಅತ್ತೆ ನಿಲ್ಲಿಸಿಬಿಟ್ಟಳು. ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಅವಳು ಮೈಕು ಹಿಡಿದೇ ಹಿಂದಕ್ಕೆ ತಿರುಗಿದಳು.

"ಅಲ್ಲಿಗ್ಯಾಕ್ರೇ ಹೋಗ್ತೀರಾ? ನಾನು ಇಲ್ಲಿದೀನಿ. ಕೆಳಗೆ ಬನ್ನಿ."

ಮೊದಲ ಸಲ ಅವರಿಗೆ ಹೊಂದಿಕೆಯಾಗಲಿಲ್ಲ. ಅವಳು ಅದೇ ಸಾಲನ್ನು ಮತ್ತೆ ಎತ್ತಿಕೊಟ್ಟಳು.