ಥಿಯೇಟರಿನಲ್ಲಿ ಮನೆಮಾತು

ಹೋದ ತಿಂಗಳು ಒಂದು ಮಧ್ಯಾಹ್ನ ಟಿ.ವಿ.ಯಲ್ಲಿ ಆ ಸಿನಿಮಾ ಬಂತು. ಅದೇ, ಪ್ಲಸ್ ಟೂ ಓದುವ ಹಿಂದೂ ಹುಡುಗ, ಮುಸ್ಲಿಂ ಹುಡುಗಿ, ಇಬ್ಬರಿಗೂ ಸೇರಿ ಒಂದು ಕೊಡೆ. ಬಿಡುಗಡೆಯಾದಾಗ ಥಿಯೇಟರಿನ ಮುಂದೆ ಎರಡೂ ಕಡೆಯವರು ಕೂಗಾಡುತ್ತಿದ್ದರು, ನಡುವೆ ಪೊಲೀಸರು ನಿಂತಿದ್ದರು. ಈಗ ಸೋಪಿನ ಪುಡಿಯ ಜಾಹೀರಾತುಗಳ ನಡುವೆ ಬಡಪಾಯಿಯಂತೆ ಓಡುತ್ತಿತ್ತು. ಅದರ ಹಾಡು ಕೇಳಿದ್ದೇ ನನ್ನ ಕಿವಿ ಬಿಸಿಯಾಯಿತು. ಏಕೆಂದು ಹೇಳುತ್ತೇನೆ, ಕೇಳಿ.

ನಾವು ತಮಿಳು ಸೀಮೆಯ ಸಿಂಗಾನಲ್ಲೂರಿನ ನೇಕಾರರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಹಾಗಾಗಿ ಹೊರಗೆ ಗುಟ್ಟು ಹೇಳುವಾಗ ಪಿಸುಗುಟ್ಟುವ ಅಭ್ಯಾಸವೇ ನಮಗಿಲ್ಲ. ಅಂಗಡಿಯವನ ಎದುರಿಗೇ, "ಇವನ ಸೀರೆ ಒಂದೇ ಒಗೆತಕ್ಕೆ ಬಣ್ಣ ಬಿಡುತ್ತೆ" ಎಂದು ಗಟ್ಟಿಯಾಗಿ ಕನ್ನಡದಲ್ಲಿ ಹೇಳಿ ನಗುವ ಜನ.

ಎಂಟನೆಯ ತರಗತಿಗೇ ಓದು ಬಿಟ್ಟು ಮಗ್ಗ ಹತ್ತಿದ್ದ ನನಗೆ ಅಂದು ಆ ಸಿನಿಮಾ ನೋಡದೆ ಜೀವ ನಿಲ್ಲದು ಎನ್ನಿಸಿತ್ತು. ಆ ಪೊಲೀಸರ ನಡುವೆ ಒಬ್ಬನೇ ನುಗ್ಗಲು ಧೈರ್ಯವಿಲ್ಲ. ಪೀಳಮೇಡಿನಲ್ಲಿ ಕಾಲೇಜು ಓದುತ್ತಿದ್ದ ತಂಗಿ ಸುಮತಿಯನ್ನು ಪುಸಲಾಯಿಸಿದೆ.

"ಬೇಡಣ್ಣಾ, ಅಪ್ಪನಿಗೆ ತಿಳಿದ್ರೆ ನನ್ನ ವಾಲ್ಪಾರೈ ಟೂರ್ ಅಷ್ಟೇ!"

ಗೆಳತಿಯರ ಜೊತೆ ಬೆಟ್ಟದ ಮೇಲಿನ ಆ ಊರಿಗೆ ಹೋಗುವುದು ಅವಳ ಮೊದಲ ಪ್ರವಾಸವಾಗಿತ್ತು. ಆದರೂ ನನಗಾಗಿ ಬಂದಳು.

ಕೊಡೆಯ ದೃಶ್ಯಕ್ಕೇ ನಾನು ಅಳತೊಡಗಿದೆ.

"ಏನಣ್ಣಾ ಇದು, ಪರದೆ ಮೇಲಿನವರಿಗೇ ಇನ್ನೂ ಅಳು ಬಂದಿಲ್ಲ!"

"ಪಾವಂ, ಪಾಪದ ಮಕ್ಕಳು! ಅಪ್ಪನಿಗೆ ಈ ಪಡಂ ನೋಡಿದ್ದು ಹೇಳ್ಬೇಡ. ನೂಲು ತರೋಕೆ ಹೋಗಿದ್ವಿ ಅಂತ ಹೇಳು," ಎಂದೆ, ಕನ್ನಡದಲ್ಲಿ, ಗಟ್ಟಿಯಾಗಿ.

ಮುಂದಿನ ಸೀಟಿನ ತಲೆ ತಿರುಗಿತು. ಮುಸುಕು ಹಾಕಿದ್ದ ಟವೆಲ್ಲಿನೊಳಗಿಂದ ಹೊರಬಂದದ್ದು ನಮ್ಮ ಬೀದಿಯ ರಂಗಣ್ಣ ಮಾವನ ಮುಖ. ಈ ಸಿನಿಮಾ ನೋಡಿದರೆ ಕುಲ ಕೆಡುತ್ತದೆಂದು ಬೀದಿಗೆಲ್ಲ ಸಾರಿದ್ದವರು. ಅವರ ಕಣ್ಣೂ ಒದ್ದೆ.

"ನೂಲು ಯಾವ ಸೀಟಲ್ಲಿ ಮಾರ್ತಾರಪ್ಪಾ?"

ನಾವು ಮನೆ ಮುಟ್ಟುವ ಮೊದಲೇ ಮಾವ ಅಲ್ಲಿ ಕಾಫಿ ಕುಡಿಯುತ್ತಿದ್ದರು. ಅವರೇಕೆ ಥಿಯೇಟರಿನಲ್ಲಿದ್ದರೆಂದು ಯಾರೂ ಕೇಳಲಿಲ್ಲ. ಅಪ್ಪ ಕೇಳಿದ್ದು ಒಂದೇ: "ಯಾರ ಯೋಚನೆ ಇದು?"

ಪರದೆಯ ಮೇಲಿನ ಹುಡುಗ ಊರೇ ಎದುರಾದರೂ ಹುಡುಗಿಯ ಕೈ ಬಿಟ್ಟಿರಲಿಲ್ಲ. ಅದಕ್ಕೆಂದೇ ಕರ್ಚೀಫು ಹಿಂಡಿದ್ದ ನಾನು ಬೆರಳೆತ್ತಿ ತಂಗಿಯನ್ನು ತೋರಿಸಿದೆ. "ಕಾಲೇಜು ಹುಡುಗಿ ಅಲ್ವಾ!" ಎಂದು ಬೇರೆ ಸೇರಿಸಿದೆ. ಸುಮತಿ ನನ್ನ ಮುಖವನ್ನೇ ನೋಡಿದಳು. ಗೆಳತಿಯರ ಬಸ್ಸು ವಾಲ್ಪಾರೈಗೆ ಹೋಯಿತು. ಅವಳು ಮನೆಯಲ್ಲಿ ನೂಲು ಸುತ್ತುತ್ತ ಕೂತಳು.

ಹೋದ ತಿಂಗಳು ಟಿ.ವಿ.ಯ ಮುಂದೆ ಅಪ್ಪನೂ ಇದ್ದರು, ಗಂಡನ ಮನೆಯಿಂದ ಬಂದಿದ್ದ ಸುಮತಿಯೂ ಇದ್ದಳು. ಕೊಡೆಯ ದೃಶ್ಯಕ್ಕೆ ಅಪ್ಪ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು. ಇದೇ ಸಮಯವೆಂದು ಬಾಯಿಬಿಟ್ಟೆ.

"ಅಪ್ಪಾ, ಅವತ್ತು ಕರ್ಕೊಂಡು ಹೋದವನು ನಾನು. ಅವಳು ಬೇಡ ಅಂದ್ಳು."

"ಗೊತ್ತು, ಸುಮ್ನಿರೋ. ಅತ್ತು ಅತ್ತು ಕಣ್ಣು ಊದಿದ್ದು ನಿಂದೇ. ಮಾವನ ಮುಂದೆ ಯಾರನ್ನಾದ್ರೂ ಬಯ್ಯಲೇಬೇಕಿತ್ತು."

ಸುಮತಿ ಟಿ.ವಿ.ಯ ಸದ್ದು ತಗ್ಗಿಸಿ ನಮ್ಮಿಬ್ಬರನ್ನೂ ನೋಡಿದಳು. ಅಂದಿನದೇ ನೋಟ. ಅಪ್ಪ ಕನ್ನಡಕ ಹುಡುಕತೊಡಗಿದರು. ನಾನು, "ವಾಲ್ಪಾರೈಗೆ ಹೋಗೋಣ," ಎಂದೆ.

"ಘಾಟ್ ರೋಡಲ್ಲಿ ನಿನಗೆ ವಾಂತಿ ಬರುತ್ತೆ," ಎಂದಳು ಸುಮತಿ.

"ಬರಲಿ."

ನಿನ್ನೆ ಹೋದೆವು. ಮೊದಲನೆಯ ತಿರುವಿಗೇ ಬಾಯಿಗೆ ಕೈ ಅಡ್ಡ ಹಿಡಿದೆ. ಸುಮತಿ ಪ್ಲಾಸ್ಟಿಕ್ ಕವರ್ ಕೈಗಿಟ್ಟು, ಇಡೀ ಬಸ್ಸಿಗೆ ಕೇಳುವಂತೆ ಕನ್ನಡದಲ್ಲಿ ಕೇಳಿದಳು: "ಯಾರ ಯೋಚನೆ ಇದು?"

ಕವರಿನಿಂದ ತಲೆಯೆತ್ತಿ, "ನನ್ನದೇ," ಎಂದೆ. ಬಸ್ಸಿನಲ್ಲಿದ್ದವರಿಗೆಲ್ಲ ಅರ್ಥವಾಗಲೆಂದು, ತಮಿಳಿನಲ್ಲಿ.