ತರೀಕೆರೆಯ ಖಾಲಿ ಮನೆಗಳಲ್ಲಿ ಉರಿಯುವ ದೀಪಗಳ ವಿಷಯವಾಗಿ

ನಮ್ಮೂರ ವಾಚನಾಲಯದ ಮಾನ್ಯ ಓದುಗರಲ್ಲಿ,

ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಮೀಟರಿನ ಅಂಕಿಗಳ ಹೊರತು ಬೇರೇನನ್ನೂ ಬರೆದು ನನಗೆ ಅಭ್ಯಾಸವಿಲ್ಲ. ಅಕ್ಷರ ಸೊಟ್ಟಗಿದ್ದರೂ ಕಾಗುಣಿತ ತಪ್ಪಿದ್ದರೂ ಕ್ಷಮಿಸತಕ್ಕದ್ದು. ಮೇಲೆ ನನ್ನ ವಿಳಾಸ ಬರೆಯಬೇಕಾದ ಸ್ಥಳವನ್ನು ಖಾಲಿ ಬಿಟ್ಟಿದ್ದೇನೆ. ಕಾರಣವನ್ನು ಕೊನೆಯಲ್ಲಿ ನಿವೇದಿಸುತ್ತೇನೆ.

ಈ ಊರಿನಲ್ಲಿ ಯಾರೂ ವಾಸವಿಲ್ಲದ ಮನೆಗಳಲ್ಲಿ ದಿನಾಲೂ ಸಂಜೆ ದೀಪ ಉರಿಯುತ್ತದೆ. ಮಾಲೀಕರು ಬಂದು ಬೀಗ ತೆಗೆದು, ಬಲ್ಬು ಹಾಕಿ, ಮತ್ತೆ ಬೀಗ ಜಡಿದು ಹೋಗುತ್ತಾರೆ. ಬಿಜಾಪುರದ ಕಡೆಯಿಂದ ಮೀಟರ್ ಓದುವ ಕೆಲಸಕ್ಕೆ ವರ್ಗವಾಗಿ ಬಂದ ನಾನು ಮೊದಲು ಇದನ್ನು ಯಾವುದೋ ಹರಕೆಯೆಂದು ತಿಳಿದಿದ್ದೆ. ಆದರೆ ಒಂದೇ ಬೀದಿಯ ಐದು ಮೀಟರುಗಳು ಒಂದೊಂದು ಬಲ್ಬಿನಷ್ಟೇ ತಿರುಗಿದ್ದನ್ನು ಕಂಡು ಸಂಶಯ ಬಂತು.

ಆಗ ನಾನು ಛತ್ರದ ಮೂಲೆಯಲ್ಲಿ ಮಲಗುತ್ತಿದ್ದೆ. ಹೋಟೆಲಿನಲ್ಲಿ ಮುದ್ದೆ, ಅಂದರೆ ರಾಗಿಹಿಟ್ಟಿನ ಉಂಡೆ, ಕೊಡುತ್ತಿದ್ದರು. ಅದನ್ನು ಅಗಿಯದೆ ನುಂಗಬೇಕು. ನಾನು ಅಗಿದದ್ದನ್ನು ಕಂಡು ಪಕ್ಕದವರು ನಕ್ಕರು. ಅದು ಸಹ್ಯ. ರಜೆಯಲ್ಲಿ ನಮ್ಮೂರಿಗೆ ಬಂದಾಗ ಮಗಳು ಶಾಂತಾ ನನ್ನ ಗುರುತು ಹತ್ತದೆ ಬಾಗಿಲ ಹಿಂದೆ ಅಡಗಿದ್ದು ಮಾತ್ರ ಸಹಿಸಲಾಗಲಿಲ್ಲ. "ಸಾಲಿ ಸುರು ಆಗೂದ್ರಾಗ ಮನಿ ಹಿಡೀರಿ. ಇಲ್ಲಾಂದ್ರ ಈ ವರ್ಸಾನೂ ನಾವು ಬರಂಗಿಲ್ಲ" ಎಂದು ನನ್ನ ಹೆಂಡತಿ ಕಾಶಿಬಾಯಿ ಹೇಳಿಬಿಟ್ಟಳು.

ಆ ಐದರಲ್ಲಿ ಒಂದು ಮನೆ ತೆಂಗಿನಕಾಯಿ ಮಂಡಿಯ ಹಾಲಪ್ಪನವರದು. ಹೋಗಿ ಬಾಡಿಗೆಗೆ ಕೇಳಿದೆ.

"ನಿಮ್ ಕಡೆ ರೊಟ್ಟಿ ಬಡೀತಾರಲ್ವೇನ್ರೀ?"

ಹೌದೆಂದೆ.

"ದಿನಾ ಟಪಟಪ ಅಂತ ಬಡಿದ್ರೆ ನನ್ ಗೋಡೆ ನಿಲ್ತದೇನ್ರೀ? ಮುದ್ದೆ ತಿರುವೋರಿಗಾದ್ರೆ ಕೊಡ್ಬೌದಿತ್ತು."

ಮುದ್ದೆ ತಿರುವುವವರಿಗೂ ಅವರು ಕೊಟ್ಟಿರಲಿಲ್ಲ. ನಾನು ಕದಲದೆ ನಿಂತಾಗ ನಿಜ ಹೊರಬಂತು.

"ನೋಡಪ್ಪಾ, ಅಜ್ಜಂಪುರದ ಹೊಲ ಗೇಣಿಗೆ ಕೊಟ್ಟಿದ್ದೆ. ಉಳೋನೇ ಒಡೆಯ ಅಂತ ಕಾನೂನ್ ಬಂತು, ಹೋಯ್ತು. ನಾಳೆ ಮನೇಲಿರೋನೇ ಮನೆ ಒಡೆಯ ಅಂದ್ಬಿಟ್ರೆ?"

"ಹಂಗಾದ್ರ ದೀಪ ಯಾಕ್ರಿ?"

"ಖಾಲಿ ಐತೆ ಅಂತ ಗೊತ್ತಾದ್ರೆ ಅಮಲ್ದಾರ್ರು ಯಾರ್ಗೋ ಬರ್ಕೊಟ್ಬಿಡ್ತಾರೆ ಕಣ್ರೀ. ಅಂದಂಗೆ, ಮೀಟರ್ ಬರ್ಕೊಳೋರು ನೀವೇ ತಾನೆ? ಸಂಸಾರ ಇದ್ದಂಗೆ ನಾಕ್ ಯೂನಿಟ್ ಜಾಸ್ತಿ ಬರೀರಿ. ಕಟ್ಟೋನು ನಾನು."

ಉತ್ತವನಿಗೆ ಹೊಲ ಸೇರಿದ್ದು ನ್ಯಾಯವೆಂಬುದು ನನ್ನ ನಮ್ರ ಅಭಿಪ್ರಾಯ. ಆ ಸಿಟ್ಟನ್ನು ನನ್ನ ಮಗಳ ಮೇಲೆ ತೀರಿಸಿಕೊಳ್ಳುವುದು ಯಾವ ನ್ಯಾಯ? ನಮ್ಮಲ್ಲಿ ಮನೆ ಖಾಲಿ ಬಿದ್ದರೆ ಕಸ ಗುಡಿಸಲಿಕ್ಕಾದರೂ ಯಾರಾದರೂ ಇರಲೆಂದು ಕೀಲಿಕೈ ಕೊಡುತ್ತೇವೆ. ಇಲ್ಲಿ ಗೋಡೆಗಳಿಗೆ ಬೆಳಕು, ಮನುಷ್ಯನಿಗೆ ಛತ್ರ!

"ಸುಳ್ಳು ಬರಿಯಂಗಿಲ್ರಿ," ಎಂದೆ. "ಸಂಸಾರಾನ ತಂದಿಡ್ತೀನಿ. ಮೀಟರ್ ತಾನ ತಿರಗತದ."

"ಏನಪ್ಪಾ, ಸಿಟ್ಟು ಮೂಗಿನ್ ತುದೀಲೇ ಐತಲ್ಲ!" ಎಂದು ಅವರು ನಕ್ಕುಬಿಟ್ಟರು. ಆದರೆ ಮೂರನೆಯ ದಿನ ಹೇಳಿಕಳುಹಿಸಿದರು.

ಷರತ್ತು ಒಂದೇ: "ಹನ್ನೊಂದು ತಿಂಗ್ಳು ಇರಿ. ಹನ್ನೆರಡನೇದ್ರಲ್ಲಿ ಪಾತ್ರೆಪಗಡ ಸಮೇತ ಆಚೆ. ವರ್ಷ ತುಂಬಿದ್ರೆ ಮನೆ ನಿಮ್ದಾಗ್ಬಿಡ್ತದೆ." ಹಾಗೆಂದು ಯಾವ ಕಾನೂನಿನಲ್ಲಿದೆಯೋ ನಾನರಿಯೆ, ಹಾಲಪ್ಪನವರೂ ಅರಿಯರು.

ಶಾಂತಾ ಶಾಲೆ ಸೇರಿದಳು. ಈಗ ಮೂರು ವರ್ಷ. ಪ್ರತಿ ಬೇಸಿಗೆಯಲ್ಲಿ ಕಳ್ಳರಂತೆ ಸಾಮಾನು ಹೊರಗಿಟ್ಟು, ಹೆಂಡತಿ ಮಗಳನ್ನು ನಿಮ್ಮ ಕಡೆಗೆ ರೈಲು ಹತ್ತಿಸುತ್ತೇನೆ. ಅಲ್ಲಿ ಶಾಂತಾ "ಹೋಯ್ತು ಕಣೇ" ಎಂದರೆ ನಿಮ್ಮ ಮಕ್ಕಳು ಅಣಕಿಸುತ್ತಾರಂತೆ. ಇಲ್ಲಿ "ಹೋತು ನೋಡ" ಎಂದರೆ ಈ ಮಕ್ಕಳು.

ಈ ಸಲ ನನಗೆ ರಜೆ ಸಿಗಲಿಲ್ಲ. ಪುನಃ ಛತ್ರದಲ್ಲಿದ್ದೇನೆ. ನಿನ್ನೆ ಸಂಜೆ ಆ ಬೀದಿಯಲ್ಲಿ ಬರುವಾಗ ನಮ್ಮ ಮನೆಯಲ್ಲಿ ದೀಪ ಉರಿಯುತ್ತಿತ್ತು, ಬಾಗಿಲಿಗೆ ಬೀಗ. ಕಿಟಕಿಯಿಂದ ಇಣುಕಿದೆ. ಕಾಶಿಬಾಯಿ ರೊಟ್ಟಿ ಬಡಿಯುವ ಮೂಲೆಯಲ್ಲಿ ಗೋಡೆ ಒಂದಿಷ್ಟೂ ಬಿರಿದಿರಲಿಲ್ಲ. ಇಂದು ಹೊರಗೋಡೆಯ ಮೀಟರ್ ಓದಿ, ಒಂದು ಬಲ್ಬಿನಷ್ಟನ್ನೇ ಬರೆದುಕೊಂಡೆ.

ಆದಕಾರಣ, ಈ ಬರಹದಲ್ಲಿ ಕಂಡ ತಪ್ಪುಗಳನ್ನೆಲ್ಲ ದಯಮಾಡಿ ಕೆಂಪು ಶಾಯಿಯಲ್ಲಿ ತಿದ್ದಿರಿ. ಮೇಲಿನ ಖಾಲಿ ಸ್ಥಳವನ್ನು ಮಾತ್ರ ತಪ್ಪೆಂದು ಎಣಿಸಬೇಡಿ. ಅಲ್ಲಿ ನಿಮ್ಮೂರ ಹೆಸರನ್ನು ಬರೆಯಬೇಕೋ ಈ ಊರಿನದನ್ನೋ, ತಿಳಿದವರು ತುಂಬಿಸಿ ಕಳುಹಿಸಬೇಕಾಗಿ ಪ್ರಾರ್ಥನೆ.